ಯಾಣದ ದಾರಿಯಲ್ಲಿ ಖಂಡದ ಹೊಲಿಗೆ

ಕಾರವಾರದ ಮರಳನ್ನು ಹೊಗಳಲು ಬೇರೆಯವರಿದ್ದಾರೆ. ನೋಡಬೇಕಾದದ್ದು ಬಂಡೆ. ಈ ಭಾಗದ ತಳಬಂಡೆ ಗ್ರಾನೈಟಿನ ದಾಯಾದಿ. ವಯಸ್ಸು ಸುಮಾರು 320 ಕೋಟಿ ವರ್ಷ. ನಡುನಡುವೆ ಆಂಫಿಬೊಲೈಟ್ ಎಂಬ ಕರಿಯ ಕಲ್ಲಿನ ತುಂಡುಗಳು ಸಿಕ್ಕಿಕೊಂಡಿರುತ್ತವೆ.

ಅಂಕೋಲಾ ದಾಟಿ ಕುಮಟಾ ಸೀಮೆಗೆ ಬಂದರೆ ಕಲ್ಲಿನ ಜಾತಿಯೇ ಬದಲು. ಹಾಳೆಹಾಳೆಯಾಗಿ ಏಳುವ, ಬಿಸಿಲಿಗೆ ಮಿಂಚುವ ಶಿಸ್ಟ್ ಇಲ್ಲಿಯದು. ಸುಮಾರು 15 ಕಿ.ಮೀ. ಅಗಲದ ಈ ಪಟ್ಟಿಗೆ ಕುಮಟಾ ಸೂಚರ್, ಅಂದರೆ ಹೊಲಿಗೆ, ಎಂದು ಹೆಸರು. ಪಶ್ಚಿಮಕ್ಕೆ ಕಾರವಾರದ ಭೂಖಂಡ, ಪೂರ್ವಕ್ಕೆ ಧಾರವಾಡದ ಭೂಖಂಡ. ಎರಡೂ ಬಂದು ಗುದ್ದಿದಾಗ ನಡುವೆ ನುಗ್ಗಾದದ್ದು ಇದು. ಅದರೊಳಗಿನ ಅಭ್ರಕದ ವಯಸ್ಸು ಸುಮಾರು 130 ಕೋಟಿ ವರ್ಷ. ಇದೇ ಹೊಲಿಗೆಯ ಮುಂದುವರಿಕೆ ಮಡಗಾಸ್ಕರದ ಪೂರ್ವಭಾಗದಲ್ಲಿದೆ ಎಂಬುದು ಕೆಲವು ಭೂವಿಜ್ಞಾನಿಗಳ ವಾದ. ಆ ನೆಲ ನಮ್ಮಿಂದ ಬೇರೆಯಾಗಿ ಸುಮಾರು 9 ಕೋಟಿ ವರ್ಷವಾಯಿತಷ್ಟೇ.

ಕಲ್ಲು ನೋಡುವ ಹುಕಿಯಲ್ಲಿ ಹೆದ್ದಾರಿಯ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಬುಡಕ್ಕೆ ಆಧಾರವಿರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಸೀಮೆಯ ಶಿರೂರಿನಲ್ಲಿ ಗುಡ್ಡ ಗಂಗಾವಳಿ ಹೊಳೆಯವರೆಗೂ ಜಾರಿತು. ನೀರಿಳಿದ ಹೊಳೆಪಾತ್ರದಲ್ಲಿ ಕಲ್ಲು ತೊಳೆದಿಟ್ಟಂತೆ ಕಾಣುತ್ತದೆ, ಅಲ್ಲೇ ನೋಡಿ.

ಇನ್ನು ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಮಳೆ ಹಿಂದಾದ ಮೇಲೂ ಯಾಣದ ಕಾಡಿನಲ್ಲಿ ಅದು ಬಿಡುವುದಿಲ್ಲ. ಕಾಲುಚೀಲಕ್ಕೆ ಉಪ್ಪು ಸವರಿದ್ದು ಮೊದಲ ಹಳ್ಳಕ್ಕೇ ತೊಳೆದುಹೋಯಿತು. ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಯಲ್ಲಿ ಹಿಡಿದಿರಿ, ಹತ್ತಿದಲ್ಲಿ ಒತ್ತಿ.

ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಫೋಟೋದಲ್ಲಿ ಇವಕ್ಕೆ ನ್ಯಾಯ ಸಿಗುವುದಿಲ್ಲ. ದಾರಿಯಲ್ಲಿ ಲಿಂಬು ಸೋಡಾ ಮಾರುವವರು ತಾವಾಗಿ ಮಾತು ತೆಗೆದರು.

“ಬಂದವ್ರೆಲ್ಲ ಇದು ಜ್ವಾಲಾಮುಖಿ ಕಲ್ಲಾ ಅಂತ ಕೇಳ್ತಾರೆ. ನಾವು ಭಸ್ಮಾಸುರ ಸುಟ್ಟ ಜಾಗ ಅಂತೇವೆ. ನೀವೆಂತ ಹೇಳ್ತೀರಿ?”

“ಬೆಂಕಿದಲ್ಲ ಮಾರಾಯ್ರೆ, ನೀರಿಂದು. ಸುಣ್ಣದ ಕಲ್ಲು.”

ಅವರು ನಂಬಲಿಲ್ಲ. ಲಿಂಬೆಹಣ್ಣು ಅವರ ಬುಟ್ಟಿಯಲ್ಲೇ ಇತ್ತು. ಶಿಖರಕ್ಕೆ ಕೈಹಚ್ಚದೆ ಹಳ್ಳದಲ್ಲಿ ಬಿದ್ದ ಚೂರೊಂದನ್ನು ತೆಗೆದು, ಚಾಕುವಿನಿಂದ ಕೆರೆದು, ಪುಡಿಯ ಮೇಲೆ ನಾಲ್ಕು ಹನಿ ರಸ ಹಿಂಡಿದಾಗ ಸಣ್ಣ ಗುಳ್ಳೆ ಎದ್ದವು. ಪಾಚಿಗಟ್ಟಿದ ಹೊರಮೈ ಮೇಲೆ ಹಿಂಡಿದರೆ ಏನೂ ಆಗದು, ಹುಳಿ ಕಲ್ಲಿಗೆ ತಾಗುವುದೇ ಇಲ್ಲ. ಕಲ್ಲಿನಲ್ಲಿ ಮೆಗ್ನೀಸಿಯಂ ಹೆಚ್ಚಿದ್ದು ಡಾಲಮೈಟ್ ಆಗಿದ್ದರೆ ಪುಡಿ ಮಾಡಿದರೂ ಗುಳ್ಳೆ ಕಡಿಮೆ, ಭೂತಗನ್ನಡಿ ಬೇಕು. ಮಳೆನೀರೂ ಇದೇ ಕೆಲಸ ಮಾಡುತ್ತದೆ. ಗಾಳಿ, ಮಣ್ಣುಗಳ ಇಂಗಾಲದ ಡೈಆಕ್ಸೈಡ್ ಸೇರಿ ನೀರು ತುಸು ಹುಳಿಯಾಗಿ, ಬಿರುಕಿಗಿಳಿದು ಕಲ್ಲನ್ನು ಕರಗಿಸುತ್ತದೆ. ಉಳಿದದ್ದು ಈ ಚೂಪು.

“ಆದ್ರೂ ಕೆಳಗೆ ಬೆಂಕಿ ರಸನೇ ಅಲ್ವಾ? ಅದರ ಮೇಲೆ ನಾವು ತೇಲೋದಂತಲ್ಲ?”

ಶಾಲೆ ಓದಿದವರೂ ಹೀಗೇ ಹೇಳುತ್ತಾರೆ. ಖಂಡದ ತೊಗಟೆ ಸಾಮಾನ್ಯವಾಗಿ 35–40 ಕಿ.ಮೀ. ದಪ್ಪ. ಅದರ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ಇರುವ ಮ್ಯಾಂಟಲ್ ಬಹುಪಾಲು ಗಟ್ಟಿಯೇ. ಬಿಸಿಗೆ ಮೆದುವಾಗಿ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ. ಗೊತ್ತಾದದ್ದು ಭೂಕಂಪದ ಅಲೆಗಳಿಂದ. ಅಡ್ಡ ಅಲುಗುವ ಎಸ್ ಅಲೆ ದ್ರವದಲ್ಲಿ ಸಾಗದು, ಆದರೆ ಮ್ಯಾಂಟಲ್ ದಾಟಿ ಬರುತ್ತದೆ. ನಿಜವಾದ ದ್ರವ ಅದಕ್ಕೂ ಕೆಳಗಿನ ಹೊರ ತಿರುಳು, ಕಬ್ಬಿಣದ್ದು. ಭೂಮಿಗೆ ತಿರುಳೊಂದಿದೆ ಎಂದು 1906ರಲ್ಲಿ ತೋರಿಸಿದ ಓಲ್ಡ್‌ಹ್ಯಾಮ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದಾಗ 1897ರ ಅಸ್ಸಾಂ ಭೂಕಂಪವನ್ನು ಅಭ್ಯಸಿಸಿದವರು.

“ಗಟ್ಟಿ ಇದ್ದೂ ಸರೀತದಾ?” ಎಂದು ಮತ್ತೆ ಮತ್ತೆ ಕೇಳಿದರು. ಡಾಂಬರಿನ ಗಟ್ಟಿಯನ್ನು ಸುತ್ತಿಗೆಯಿಂದ ಹೊಡೆದರೆ ಒಡೆಯುತ್ತದೆ, ತಿಂಗಳುಗಟ್ಟಲೆ ಇಟ್ಟರೆ ಹರಡುತ್ತದೆ ಎಂದ ಮೇಲೆ ತಲೆಯಾಡಿಸಿ, ಅದೇ ಲಿಂಬೆಯ ಉಳಿದರ್ಧವನ್ನು ಸೋಡಾಕ್ಕೆ ಹಿಂಡಿದರು. ಭಸ್ಮಾಸುರನನ್ನೇನೂ ಬಿಟ್ಟುಕೊಡಲಿಲ್ಲ.