ಟೇಪ್ ಮಾಡಿಕೊಳ್ಳುವುದು ತಪ್ಪಲ್ಲ ಅಂತ ವಾದಿಸಿದ ಕಂಪನಿ

1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋನಿ ಕಂಪನಿ ಒಂದು ಮೊಕದ್ದಮೆ ಗೆದ್ದಿತು. 5 ನ್ಯಾಯಮೂರ್ತಿಗಳು ಪರ, 4 ಮಂದಿ ವಿರುದ್ಧ. ಟಿವಿಯಲ್ಲಿ ಬರುವ ಕಾರ್ಯಕ್ರಮವನ್ನು ಮನೆಯಲ್ಲಿ ಟೇಪ್ ಮಾಡಿಟ್ಟು ಬಿಡುವಾದಾಗ ನೋಡುವುದು ತಪ್ಪಲ್ಲ ಅಂತ ತೀರ್ಪಾಯಿತು. ಸೋನಿ ಅಂದರೆ ನನ್ನ ವಯಸ್ಸಿನವರಿಗೆ ವಾಕ್‌ಮನ್ ನೆನಪಾಗುತ್ತದೆ, ಈಗಿನ ಹುಡುಗರಿಗೆ ಪ್ಲೇಸ್ಟೇಷನ್. ನನಗೆ ಈ ತೀರ್ಪು.

ನಮ್ಮದು ಪುತ್ತೂರು ಕಡೆ. ಮಾವ, ಅಂದರೆ ಅಮ್ಮನ ತಮ್ಮ, ಬಹ್ರೇನ್‌ನಲ್ಲಿ ಕೆಲಸಕ್ಕಿದ್ದರು. ಎಂಬತ್ತರ ದಶಕದಲ್ಲಿ ರಜೆಗೆ ಬಂದಾಗ ಒಂದು ಸೋನಿ ಟೇಪ್ ರೆಕಾರ್ಡರ್ ತಂದರು. ಒಂದು ತುದಿಯಲ್ಲಿ ಸಾಲಾಗಿ ಬಟನ್‌ಗಳು, ಒಳಗೇ ಮೈಕ್, ಹಿಡಿದುಕೊಳ್ಳಲು ಒಂದು ಹಿಡಿ. ಆಮೇಲೆ ಸುತ್ತಮುತ್ತ ಎಲ್ಲಿ ತಾಳಮದ್ದಳೆ ಇದ್ದರೂ ಮಾವ ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದರು. ದೇವಸ್ಥಾನದ ಅಂಗಳ, ಶಾಲೆಯ ಹಾಲ್, ಯಾರದೋ ಮನೆಯ ಚಾವಡಿ. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. "ಕೆಂಪು ಬಟನ್ ಮತ್ತೆ ಪ್ಲೇ ಎರಡನ್ನೂ ಒಟ್ಟಿಗೆ ಒತ್ತಬೇಕು ಮಾರಾಯ್ತಿ, ಇಲ್ಲದಿದ್ರೆ ಟೇಪ್ ಸುಮ್ನೆ ಓಡ್ತದೆ" ಅಂತ ಕಲಿಸಿಕೊಟ್ಟವರು ಅವರೇ.

ತಾಳಮದ್ದಳೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದರಲ್ಲಿ ಯಕ್ಷಗಾನದ ವೇಷ, ಕುಣಿತ ಇರುವುದಿಲ್ಲ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತವೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಪ್ರಸಂಗದ ಪುಸ್ತಕದಲ್ಲಿರುತ್ತದೆ. ಮಾತು ಎಲ್ಲೂ ಬರೆದಿರುವುದಿಲ್ಲ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆ ಅನ್ನುವುದೆಲ್ಲ ಆ ರಾತ್ರಿ, ಆ ಇಬ್ಬರ ನಡುವೆ ಹುಟ್ಟುವ ಮಾತು. ಅದೇ ಇಬ್ಬರು ಮುಂದಿನ ವಾರ ಇನ್ನೊಂದು ಊರಿನಲ್ಲಿ ಕೂತರೆ ವಾದವೇ ಬೇರೆ ದಾರಿ ಹಿಡಿಯುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ಅರ್ಥಗಾರಿಕೆಯನ್ನು ಇವತ್ತೂ ನಾವು ಕೇಳುತ್ತಿದ್ದೇವೆ ಅಂದರೆ, ಯಾರಾದರೂ ರೆಕಾರ್ಡರ್ ಇಟ್ಟುಕೊಂಡು ಎದುರಿಗೆ ಕೂತಿದ್ದರು ಅಂತಲೇ ಅರ್ಥ.

ಮಾವನ ಕ್ಯಾಸೆಟ್‌ಗಳು ಈಗ ನನ್ನ ಹತ್ತಿರ ಇವೆ. ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. 90 ನಿಮಿಷದ ಕ್ಯಾಸೆಟ್ ಅಂದರೆ ಒಂದು ಮಗ್ಗುಲಿಗೆ 45 ನಿಮಿಷ. ಎಷ್ಟು ಹೊತ್ತಿನ ಟೇಪೋ ಅಷ್ಟೇ ಹೊತ್ತು ಕೂತು ಕೇಳಬೇಕು, ಬೇರೆ ದಾರಿ ಇಲ್ಲ. ಅರ್ಥಧಾರಿ ಒಂದು ಒಳ್ಳೆಯ ಮಾತಿನ ಮಧ್ಯದಲ್ಲಿರುವಾಗ ಟಕ್ ಅಂತ ಟೇಪ್ ಮುಗಿಯುತ್ತದೆ. ಮಾವ ಮಗುಚಿ ಹಾಕುವಷ್ಟರಲ್ಲಿ ಹೋದ ಮಾತು ಹೋಯಿತು. ಇನ್ನೊಂದು ವಿಚಿತ್ರ ಇದೆ. ಇಂಥ ಸಣ್ಣ ರೆಕಾರ್ಡರ್‌ಗಳು ದನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಚೆಂಡೆ ಜೋರಾದ ಕೂಡಲೇ ಯಂತ್ರ ಹೆದರಿ ದನಿ ತಗ್ಗಿಸುತ್ತದೆ. ಚೆಂಡೆ ನಿಂತ ಮೇಲೆ ಅರ್ಥಧಾರಿಯ ಮೊದಲ ಮಾತು ಎಲ್ಲೋ ದೂರದಿಂದ ಕೇಳಿ, ಮೆಲ್ಲಗೆ ಹತ್ತಿರ ಬರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು. ನಾನು ಮಾಡುವುದಿಲ್ಲ. ಮಾವ ಕೂತ ಜಾಗದಿಂದ ಯಂತ್ರಕ್ಕೆ ಹಾಗೇ ಕೇಳಿಸಿದ್ದು, ಹಾಗೇ ಇರಲಿ.

ಈ ಕೆಲಸದ ನಡುವೆ, ಆ ಪೆಟ್ಟಿಗೆ ಮಾಡಿದವರ ಕಥೆ ಓದಲು ಶುರು ಮಾಡಿದೆ. ಮೊದಲು ತುಂಬಾ ಅಭಿಮಾನ ಹುಟ್ಟಿತು. ಆಮೇಲೆ ಅಷ್ಟೇ ಬೇಸರ.

1946ರ ಮೇ ತಿಂಗಳಲ್ಲಿ, ಯುದ್ಧದಲ್ಲಿ ಸುಟ್ಟುಹೋಗಿದ್ದ ಟೋಕಿಯೊದಲ್ಲಿ ಮಸಾರು ಇಬುಕ ಮತ್ತು ಅಕಿಯೊ ಮೊರಿಟ ಒಂದು ಸಣ್ಣ ಕಂಪನಿ ಕಟ್ಟಿದರು. ಬಂಡವಾಳ 1,90,000 ಯೆನ್. ಸೋನಿ ಅನ್ನುವ ಹೆಸರನ್ನು ಕಂಪನಿಗೆ ಇಟ್ಟದ್ದು 1958ರಲ್ಲಿ. ಮೊದಮೊದಲು ಕರೆಂಟಿನಲ್ಲಿ ಅನ್ನ ಮಾಡುವ ಪಾತ್ರೆ ಮಾಡಲು ಹೋದರು. ಮರದ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಜೋಡಿಸಿದ್ದು ಅದು. ಅನ್ನ ಒಮ್ಮೆ ಬೇಯಲಿಲ್ಲ, ಒಮ್ಮೆ ಮುದ್ದೆಯಾಯಿತು. ಅದನ್ನು ಕೈಬಿಟ್ಟರು. 1950ರಲ್ಲಿ ಟೇಪ್ ರೆಕಾರ್ಡರ್ ಹೊರಗೆ ತಂದರು. ತೂಕ ಸುಮಾರು 35 ಕಿಲೋ, ಬೆಲೆ 1,60,000 ಯೆನ್. ಪ್ಲಾಸ್ಟಿಕ್ ಟೇಪ್ ಅಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಕಾಗದದ ಟೇಪ್ ಮಾಡಿದರು. ಅದಕ್ಕೆ ಬೇಕಾದ ಕಾಂತದ ಪುಡಿಯನ್ನು ಬಾಣಲೆಯಲ್ಲಿ ಹುರಿದು, ಬ್ರಷ್ ಹಿಡಿದು ಕೈಯಲ್ಲೇ ಬಳಿದರು. ಬಾಣಲೆಯ ಮುಂದೆ ನಿಂತ ಆ ಎಂಜಿನಿಯರುಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ. ಶೀಘ್ರಲಿಪಿಕಾರರು ಸಾಲದ ಕೋರ್ಟುಗಳು ಆ ಯಂತ್ರ ಕೊಂಡವು, ಆಮೇಲೆ ಶಾಲೆಗಳು.

ಆ ರೆಕಾರ್ಡರ್‌ನ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ಹೇಳಿದ ಒಬ್ಬ ಸಂಗೀತದ ವಿದ್ಯಾರ್ಥಿ ಇದ್ದ. ನೊರಿಯೊ ಓಗ ಅಂತ ಹೆಸರು. ನೃತ್ಯ ಮಾಡುವವರಿಗೆ ಕನ್ನಡಿ ಬೇಕಾದ ಹಾಗೆ ಹಾಡುವವರಿಗೆ ತಮ್ಮ ದನಿ ತಾವು ಕೇಳಿಕೊಳ್ಳುವ ಯಂತ್ರ ಬೇಕು, ಅದು ಸರಿಯಾಗಿರಬೇಕು ಅನ್ನುವುದು ಅವನ ವಾದ. ಬೈದವನನ್ನೇ ಕಂಪನಿ ಒಳಗೆ ಕರೆದುಕೊಂಡಿತು. ಮುಂದೆ ಅವರೇ ಸೋನಿಯ ಅಧ್ಯಕ್ಷರಾದರು. ಕ್ಯಾಸೆಟ್ ನಮ್ಮ ಹಳ್ಳಿಗಳವರೆಗೆ ಬಂದದ್ದರಲ್ಲೂ ಅವರ ಪಾಲಿದೆ. ಕ್ಯಾಸೆಟ್ ಹೊರತಂದದ್ದು ಫಿಲಿಪ್ಸ್, 1963ರಲ್ಲಿ. ಒಂದೊಂದು ಯಂತ್ರಕ್ಕೂ ಇಷ್ಟಿಷ್ಟು ರಾಯಲ್ಟಿ ಕೊಡಿ ಅಂತ ಫಿಲಿಪ್ಸ್ ಕೇಳಿದಾಗ ಓಗ ಒಪ್ಪಲಿಲ್ಲ. ಕೊನೆಗೆ 1965ರಲ್ಲಿ ಫಿಲಿಪ್ಸ್ ರಾಯಲ್ಟಿ ಇಲ್ಲದೆ ಪೇಟೆಂಟ್ ಬಿಟ್ಟುಕೊಟ್ಟಿತು. ಯಾವ ದೇಶದವರು ಬೇಕಾದರೂ ಮಾಡಬಹುದು ಅಂತಾಯಿತು. ಅದಕ್ಕೇ ಅದು ಅಷ್ಟು ಅಗ್ಗವಾಗಿ ಎಲ್ಲ ಕಡೆ ಹರಡಿತು.

ವಾಕ್‌ಮನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಹೇಳುವುದಿಲ್ಲ. 1979ರ ಜುಲೈ 1ರಂದು ಬಂತು, 33,000 ಯೆನ್. ಅದರಲ್ಲಿ ರೆಕಾರ್ಡ್ ಬಟನ್ ಇರಲಿಲ್ಲ. ಬರೀ ಕೇಳುವುದು. ಮಾವನಿಗೆ ಅದು ಯಾವತ್ತೂ ಹಿಡಿಸಲಿಲ್ಲ.

ಇನ್ನು ಮೊಕದ್ದಮೆಯ ವಿಷಯ. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರ್ ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷವೇ ಹಾಲಿವುಡ್‌ನ ಯೂನಿವರ್ಸಲ್ ಮತ್ತು ಡಿಸ್ನಿ ಕೋರ್ಟಿಗೆ ಹೋದವು. ಜನ ನಮ್ಮ ಕಾರ್ಯಕ್ರಮ ಕದಿಯುತ್ತಿದ್ದಾರೆ, ಕದಿಯುವ ಯಂತ್ರ ಮಾರಿದ್ದು ಸೋನಿ, ಅದಕ್ಕೆ ಸೋನಿಯೇ ಹೊಣೆ ಅನ್ನುವುದು ಅವರ ದೂರು. 1979ರಲ್ಲಿ ಕೆಳಗಿನ ಕೋರ್ಟಿನಲ್ಲಿ ಸೋನಿ ಗೆದ್ದಿತು, 1981ರಲ್ಲಿ ಮೇಲ್ಮನವಿಯಲ್ಲಿ ಸೋತಿತು, ಕೊನೆಗೆ ಸುಪ್ರೀಂ ಕೋರ್ಟ್. ಸಾಕ್ಷಿ ಹೇಳಿದವರಲ್ಲಿ ಫ್ರೆಡ್ ರೋಜರ್ಸ್ ಒಬ್ಬರು. ಅಮೆರಿಕದ ಮಕ್ಕಳೆಲ್ಲ ನೋಡುತ್ತಿದ್ದ ಕಾರ್ಯಕ್ರಮ ನಡೆಸುತ್ತಿದ್ದವರು. ಮನೆಯವರು ನನ್ನ ಕಾರ್ಯಕ್ರಮ ಟೇಪ್ ಮಾಡಿಟ್ಟುಕೊಂಡು ತಮಗೆ ಅನುಕೂಲವಾದಾಗ ಮಕ್ಕಳ ಜೊತೆ ನೋಡಿದರೆ ನನಗೇನೂ ಬೇಸರವಿಲ್ಲ ಅಂದರು. ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಆ ಮಾತನ್ನು ತೀರ್ಪಿನಲ್ಲೇ ಸೇರಿಸಿದರು. ಸರಿಯಾದ ಕೆಲಸಕ್ಕೂ ಬಳಸಬಹುದಾದ ಯಂತ್ರವನ್ನು ಮಾರಿದ್ದಕ್ಕೆ ಕಂಪನಿಯನ್ನು ಹೊಣೆ ಮಾಡಲಾಗದು ಅನ್ನುವ ತತ್ವ ಆವತ್ತು ನಿಂತಿತು.

ನಮ್ಮೂರಿನ ಚಾವಡಿಗೂ ಆ ಕೋರ್ಟಿಗೂ ಕಾನೂನಿನ ಸಂಬಂಧ ಏನೂ ಇಲ್ಲ, ಗೊತ್ತು. ಆದರೆ ಯಂತ್ರಗಳು ದೊಡ್ಡ ಮಾರುಕಟ್ಟೆಗೆ ತಕ್ಕ ಹಾಗೆ ತಯಾರಾಗುತ್ತವೆ. ಅಲ್ಲಿ ರೆಕಾರ್ಡ್ ಬಟನ್ ಮೇಲೆ ನಿರ್ಬಂಧ ಬಿದ್ದಿದ್ದರೆ ಇಲ್ಲಿಗೆ ಬರುವ ಯಂತ್ರವೂ ಬದಲಾಗುತ್ತಿತ್ತು. ಹಾಗಾಗಿ ಈ ತೀರ್ಪನ್ನು ನಾನು ನಮ್ಮದು ಅಂತಲೇ ಓದುತ್ತೇನೆ.

ಗೆದ್ದ ಸೋನಿ ಅಂಗಡಿಯಲ್ಲಿ ಸೋತಿತು. ಶುರುವಿನ ಬೀಟಾ ಟೇಪಿನಲ್ಲಿ ಒಂದು ಗಂಟೆ ಹಿಡಿಸುತ್ತಿತ್ತು, ಎದುರಾಳಿ ಜೆವಿಸಿ ಕಂಪನಿಯ ವಿಎಚ್‌ಎಸ್ ಟೇಪಿನಲ್ಲಿ ಎರಡು ಗಂಟೆ. ವಿಎಚ್‌ಎಸ್‌ನಲ್ಲಿ ಸಿನಿಮಾಗಳೂ ಜಾಸ್ತಿ ಸಿಗುತ್ತಿದ್ದವು. 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ಮಾಡಲು ಶುರು ಮಾಡಿತು. ಈ ಸೋಲಿನಿಂದ ಮೊರಿಟ ಮತ್ತು ಓಗ ಒಂದು ಪಾಠ ತೆಗೆದುಕೊಂಡರು. ಯಂತ್ರ ಒಂದೇ ಇದ್ದರೆ ಸಾಲದು, ಅದರಲ್ಲಿ ಹಾಕುವ ಹಾಡು, ಸಿನಿಮಾ ಕೂಡ ನಮ್ಮದೇ ಆಗಿರಬೇಕು. 1988ರಲ್ಲೇ 200 ಕೋಟಿ ಡಾಲರ್ ಕೊಟ್ಟು ಸಿಬಿಎಸ್ ರೆಕಾರ್ಡ್ಸ್ ಕೊಂಡರು. 1989ರಲ್ಲಿ 340 ಕೋಟಿ ಡಾಲರಿಗೆ ಕೋಕಾ-ಕೋಲಾದ ಕೈಯಿಂದ ಕೊಲಂಬಿಯಾ ಪಿಕ್ಚರ್ಸ್ ಕೊಂಡರು. ಸ್ಟುಡಿಯೋ ದುಬಾರಿ ಬಿತ್ತು. 1994ರಲ್ಲಿ ಸುಮಾರು 270 ಕೋಟಿ ಡಾಲರ್ ನಷ್ಟ ಅಂತ ಲೆಕ್ಕದಲ್ಲಿ ಬರೆದುಕೊಳ್ಳಬೇಕಾಯಿತು.

ದುಡ್ಡಿನ ನಷ್ಟ ನನಗೆ ದೊಡ್ಡದಲ್ಲ. ದುಡ್ಡು ಆಮೇಲೆ ಬಂತು, ಅದೇ ವರ್ಷದ ಕೊನೆಗೆ ಬಂದ ಪ್ಲೇಸ್ಟೇಷನ್‌ನಿಂದ ಧಾರಾಳವಾಗಿ ಬಂತು. ನಷ್ಟವಾದದ್ದು ಬೇರೆ. ಹಾಡಿನ ಕಂಪನಿ ಮನೆಗೆ ಬಂದ ಮೇಲೆ, ರೆಕಾರ್ಡ್ ಬಟನ್ ಮಾಡಿದವರಿಗೇ ಆ ಬಟನ್ ಕಂಡರೆ ಅನುಮಾನ ಶುರುವಾಯಿತು. ಸೋನಿಯವರು ಡಿಜಿಟಲ್ ಆಡಿಯೋ ಟೇಪ್ ತಂದಾಗ ಅದನ್ನು ಬಲವಾಗಿ ವಿರೋಧಿಸಿದ್ದವರಲ್ಲಿ ಸಿಬಿಎಸ್ ರೆಕಾರ್ಡ್ಸ್ ಒಂದು. ಆಮೇಲೆ ಅದೇ ಸೋನಿಯದಾಯಿತು. ಆ ಟೇಪಿನ ಯಂತ್ರಗಳಿಗೆ, ಒಮ್ಮೆ ಮಾಡಿದ ಡಿಜಿಟಲ್ ಪ್ರತಿಯಿಂದ ಮತ್ತೊಂದು ಪ್ರತಿ ಆಗದ ಹಾಗೆ ಬೀಗ ಬಂತು.

1999ರಲ್ಲಿ, ಆಪಲ್‌ನ ಐಪಾಡ್ ಬರುವುದಕ್ಕೆ ಎರಡು ವರ್ಷ ಮೊದಲೇ, ಸೋನಿ ಮೆಮೊರಿ ಸ್ಟಿಕ್ ಹಾಕುವ ವಾಕ್‌ಮನ್ ಮಾಡಿತ್ತು. ಪುಟ್ಟದು, ಚೆಂದದ್ದು. ಆದರೆ ಎಂಪಿ3 ಹಾಡನ್ನು ಅದಕ್ಕೆ ನೇರವಾಗಿ ಹಾಕುವಂತಿರಲಿಲ್ಲ. ಮೊದಲು ಸೋನಿಯ ಅಟ್ರಾಕ್ ರೂಪಕ್ಕೆ ಬದಲಿಸಬೇಕು, ಸೋನಿಯ ತಂತ್ರಾಂಶ ಕೊಟ್ಟ ಅಪ್ಪಣೆಯಷ್ಟೇ ಸಾಗಿಸಬೇಕು. ವಾಕ್‌ಮನ್ ಕಂಡುಹಿಡಿದ ಮನೆಯಲ್ಲಿ ಐಪಾಡ್ ಹುಟ್ಟಲಿಲ್ಲ ಅಂದರೆ ಎಂಜಿನಿಯರುಗಳಿಗೆ ಬುದ್ಧಿ ಕಡಿಮೆ ಇತ್ತು ಅಂತಲ್ಲ. ಕೇಳುವವರನ್ನು ನಂಬುವುದು ನಿಂತುಹೋಗಿತ್ತು.

2005ರಲ್ಲಿ ಇದು ತುದಿ ಮುಟ್ಟಿತು. ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಜನ ಹಾಡು, ಸಿನಿಮಾ ಕಡತಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ತಂತ್ರಾಂಶ ಕೊಡುತ್ತಿದ್ದ ಗ್ರೋಕ್‌ಸ್ಟರ್ ಎಂಬ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ಗ್ರೋಕ್‌ಸ್ಟರ್ ತನ್ನ ರಕ್ಷಣೆಗೆ ಹಿಡಿದುಕೊಂಡಿದ್ದು 1984ರ ಸೋನಿ ತೀರ್ಪನ್ನೇ. ಎದುರಿಗಿದ್ದ ಫಿರ್ಯಾದಿಗಳಲ್ಲಿ ಸೋನಿಯದೇ ಆದ ಕೊಲಂಬಿಯಾ ಪಿಕ್ಚರ್ಸ್ ಕೂಡ ಇತ್ತು. ಆ ಕಡತ ಹಂಚುವವರು ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಹಾಡಿದವರಿಗೆ ದುಡ್ಡು ಹೋಗಲೇಬೇಕು. ಆದರೆ ಅಕ್ಟೋಬರ್ 31ರಂದು ಹೊರಬಿದ್ದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಜರ್ಮನಿಯ ಬರ್ಟೆಲ್ಸ್‌ಮನ್ ಕಂಪನಿಯ ಜೊತೆ ಸೇರಿ ನಡೆಸುತ್ತಿದ್ದ ಹಾಡಿನ ಕಂಪನಿ ಸೋನಿ ಬಿಎಂಜಿ ಮಾರಿದ ಸಿಡಿಗಳಲ್ಲಿ ಒಂದು ಗುಪ್ತ ತಂತ್ರಾಂಶ ಇದೆ ಅಂತ ಮಾರ್ಕ್ ರುಸಿನೋವಿಚ್ ಎಂಬ ತಂತ್ರಜ್ಞ ಬಯಲು ಮಾಡಿದರು. ಹಾಡು ಕೇಳಲು ಕಂಪ್ಯೂಟರಿಗೆ ಸಿಡಿ ಹಾಕಿದರೆ ಅದು ಒಳಗೆ ಹೋಗಿ, ಬೇರುಮಟ್ಟದಲ್ಲಿ ಅವಿತು ಕೂರುತ್ತಿತ್ತು. ವೈರಸ್‌ಗಳಿಗೂ ಅಡಗಲು ಜಾಗ ಮಾಡಿಕೊಡುತ್ತಿತ್ತು. ದುಡ್ಡು ಕೊಟ್ಟು ಸಿಡಿ ಕೊಂಡವರಿಗೇ ಹೀಗಾಯಿತು! ನವೆಂಬರ್‌ನಲ್ಲಿ ಸಿಡಿಗಳನ್ನು ವಾಪಸ್ ತೆಗೆದುಕೊಂಡರು, ಮೊಕದ್ದಮೆಗಳಾದವು, ಪರಿಹಾರ ಕೊಟ್ಟರು. ಇದನ್ನು ಓದಿದ ರಾತ್ರಿ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಬಾಣಲೆಯಲ್ಲಿ ಪುಡಿ ಹುರಿದವರ ಕಂಪನಿ ಇದೇನಾ ಅಂತ.

ಈಗಿನ ಸೋನಿಗೆ ಆಟ, ಸಂಗೀತ, ಸಿನಿಮಾ ಮತ್ತು ಕ್ಯಾಮೆರಾ ಸೆನ್ಸರ್ ಮುಖ್ಯ ಕಸುಬು. ನಿಮ್ಮ ಫೋನಿನ ಕ್ಯಾಮೆರಾದೊಳಗೂ ಅವರ ಸೆನ್ಸರ್ ಇರಬಹುದು. ಅದರ ಭಾರತದ ಟಿವಿ ಕಂಪನಿ ಮತ್ತು ಜೀ ಒಂದಾಗುವ ಮಾತು 2021ರಲ್ಲಿ ಗಟ್ಟಿಯಾಗಿತ್ತು. ಆಗಿದ್ದರೆ ಜೀ ಕನ್ನಡ ಕೂಡ ಅದೇ ಮನೆಗೆ ಸೇರುತ್ತಿತ್ತು. 2024ರ ಜನವರಿಯಲ್ಲಿ ಅದು ಮುರಿದುಬಿತ್ತು. ದೊಡ್ಡವರ ವ್ಯವಹಾರ, ಇರಲಿ. ನನ್ನ ಆಸೆ ಇಷ್ಟೇ: 1984ರಲ್ಲಿ ಆ ಕೋರ್ಟಿನಲ್ಲಿ ತಮ್ಮ ವಕೀಲರು ಏನು ವಾದಿಸಿದ್ದರು ಅಂತ ಆ ಕಂಪನಿಯ ಈಗಿನವರು ಒಮ್ಮೆ ಕೂತು ಓದಲಿ.

ತಾಳಮದ್ದಳೆಯೋ, ಹರಿಕಥೆಯೋ, ಅಜ್ಜಿಯ ಸೋಬಾನೆಯೋ, ಏನೇ ಆಗಲಿ, ನಿಮ್ಮಲ್ಲೂ ಮನೆಯಲ್ಲೇ ಟೇಪ್ ಮಾಡಿದ ಕ್ಯಾಸೆಟ್‌ಗಳಿದ್ದರೆ ದಯವಿಟ್ಟು ಇನ್ನು ತಡ ಮಾಡಬೇಡಿ. ನಮ್ಮ ಕಡೆಯ ಮಳೆಗಾಲಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡರೆ ಹಾಗೇ ಓಡಿಸಬೇಡಿ, ಗೊತ್ತಿರುವವರ ಕೈಯಲ್ಲಿ ಮೊದಲು ಕ್ಲೀನ್ ಮಾಡಿಸಿ. ಹಳೇ ಯಂತ್ರದ ರಬ್ಬರ್ ಬೆಲ್ಟ್ ಕರಗಿ ಅಂಟಾಗಿರುತ್ತದೆ, ಅದನ್ನು ಬದಲಿಸಿ. ಟೇಪ್ ತಾಗಿ ಓಡುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಕೊನೆವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಆಮೇಲೆ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ. ಇಳಿಸುವಾಗ ಎಂಪಿ3 ಬೇಡ, ಪೂರ್ತಿ ಗುಣಮಟ್ಟದ ವೇವ್ (WAV) ಕಡತವಾಗಿ ಇಳಿಸಿ. ಕಡತದ ಹೆಸರಿನಲ್ಲಿ ಊರು, ವರ್ಷ, ಯಾರು ಯಾವ ಪಾತ್ರ ಅಂತ ಬರೆಯಿರಿ. ಯಂತ್ರಕ್ಕೆ ಹಾಕುವ ಮೊದಲು ಕ್ಯಾಸೆಟ್‌ನ ಹಿಂಬದಿಯ, ಅಂದರೆ ಟೇಪ್ ಕಾಣುವ ಅಂಚಿನ ಎದುರು ಅಂಚಿನ, ಎರಡೂ ಮೂಲೆಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ನೋಡಿ. ಅವು ಇನ್ನೂ ಇದ್ದರೆ ಸ್ಕ್ರೂಡ್ರೈವರ್‌ನಿಂದ ಮುರಿದುಬಿಡಿ, ಆಗ ಯಾರು ಅಪ್ಪಿತಪ್ಪಿ ಕೆಂಪು ಬಟನ್ ಒತ್ತಿದರೂ ಟೇಪ್ ಅಳಿಸಿಹೋಗುವುದಿಲ್ಲ.