ಸಿಡಿ ಕವರ್‌ಗೆ ಒಳ್ಳೆ ಫೋಟೋ ಒಂದಿದ್ದರೆ ಸಾಲದಾ?

ಮೈಸೂರಿನಲ್ಲಿ ಸಂಗೀತ ಕಛೇರಿ ಮುಗಿದ ಮೇಲೆ ಸಭಾಂಗಣದ ಬಾಗಿಲಲ್ಲಿ ಕಲಾವಿದರ ಸಿಡಿ ಇಟ್ಟಿರುತ್ತಾರಲ್ಲ, ಅಂಥವಕ್ಕೆ ನಾನು ರಟ್ಟಿನ ಕವರ್ ಡಿಸೈನ್ ಮಾಡುತ್ತೇನೆ. ಬಂದವರೆಲ್ಲ ಕೇಳುವುದು ಒಂದೇ: "ಫೋಟೋ ಕೊಟ್ಟಿದ್ದೀವಲ್ಲ, ಹೆಸರು ಹಾಕಿ ಪ್ರೆಸ್ಸಿಗೆ ಕಳಿಸಿದರೆ ಆಯ್ತಲ್ವಾ?"

ಆಗಲ್ಲ. ಫೋಟೋ ಕೊನೆಯ ಕೆಲಸ. ಮೊದಲು ಆಗಬೇಕಾದ್ದು ಖಾಲಿ ರಟ್ಟಿನ ಡಮ್ಮಿ, ಅಂದರೆ ಏನೂ ಅಚ್ಚು ಹಾಕದ ಮಾದರಿ ಕವರ್. ಅದೂ ಪ್ರಿಂಟಿಗೆ ಹಾಕುವ ರಟ್ಟಿನಲ್ಲೇ ಆಗಬೇಕು, 300 ಅಥವಾ 350 ಜಿಎಸ್‌ಎಂ (ಒಂದು ಚದರ ಮೀಟರ್ ರಟ್ಟಿನ ತೂಕ, ಗ್ರಾಂನಲ್ಲಿ). ಸಿಡಿ 120 ಮಿಲಿಮೀಟರ್ ಅಗಲ, ಕವರ್ 125ರ ಆಸುಪಾಸು. ಬಿಗಿಯಾದರೆ ಸಿಡಿ ಉಜ್ಜುತ್ತದೆ, ಸಡಿಲವಾದರೆ ಜಾರಿ ಬೀಳುತ್ತದೆ. ಪುಸ್ತಕದ ಹಾಗೆ ತೆರೆಯುವ ಕವರ್ ಆದರೆ ಜೇಬಿನ ಬಾಯನ್ನು ಮಡಿಕೆಯ ಕಡೆಗೇ ಇಡುತ್ತೇನೆ. ಮುಚ್ಚಿದಾಗ ಸಿಡಿ ಹೊರಗೆ ಬರುವುದಿಲ್ಲ.

ರಟ್ಟಿಗೆ ಎಳೆ ಇರುತ್ತದೆ, ಪ್ರೆಸ್‌ನವರು ಗ್ರೇನ್ ಅಂತಾರೆ. ಹಾಳೆಯನ್ನು ಎರಡೂ ಕಡೆ ಬಗ್ಗಿಸಿ ನೋಡಿ, ಒಂದು ಕಡೆ ಸುಲಭವಾಗಿ ಬಾಗುತ್ತದೆ. ಮಡಿಕೆ ಆ ಎಳೆಯ ಉದ್ದಕ್ಕೇ ಬರಬೇಕು. ಅಡ್ಡ ಬಂದರೆ ಕ್ರೀಸಿಂಗ್ (ಮಡಿಸುವ ಮೊದಲು ಗೆರೆ ಒತ್ತುವುದು) ಮಾಡಿಸಿದರೂ ಇಂಕ್ ಬಿರಿಯಬಹುದು. ಕಡು ಬಣ್ಣವಾದರೆ ಮಡಿಕೆಯಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ಕಪ್ಪು ಹಿನ್ನೆಲೆ ಬೇಕು ಅಂದವರಿಗೆ ಲ್ಯಾಮಿನೇಷನ್ ಮಾಡಿಸಿ ಅಂತೀನಿ.

ಇನ್ನು ಅಕ್ಷರ. ನನ್ನ ಸಮಯ ಜಾಸ್ತಿ ಹೋಗುವುದು ಇಲ್ಲೇ. ಹಿಂಬದಿಯಲ್ಲಿ ಕೃತಿ, ರಾಗ, ತಾಳ, ವಾಗ್ಗೇಯಕಾರರು, ಪಕ್ಕವಾದ್ಯದವರು ಎಲ್ಲ ಬರಬೇಕು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ನಾಲ್ಕು ಬಣ್ಣದ ಇಂಕು ಒಂದರ ಮೇಲೊಂದು ಬಿದ್ದ ಕಡು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರ ಹಾಕಿದರೆ 'ಮುತ್ತುಸ್ವಾಮಿ ದೀಕ್ಷಿತ'ದ ಒತ್ತುಗಳು ಇಂಕಿನಲ್ಲಿ ತುಂಬಿಹೋಗುತ್ತವೆ. ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಸಾಕು. ಕೊಳ್ಳುವವರಲ್ಲಿ ವಯಸ್ಸಾದವರೇ ಜಾಸ್ತಿ. ಅವರಿಗೆ ರಾಗದ ಹೆಸರು ಓದಲಾಗದಿದ್ದರೆ ಆ ಕವರ್ ಎಷ್ಟು ಚೆಂದ ಇದ್ದರೇನು?

ಕವರ್ ಅಂಟಿಸಿ ಬಂದ ಮೇಲೆ ಜೇಬಿನ ಒಳಗಡೆ ಅಂಟು ಸೋರಿರಬಾರದು, ಅಷ್ಟನ್ನು ಮಾತ್ರ ಬೆರಳಾಡಿಸಿ ನೋಡುತ್ತೇನೆ. ಒಣಗಿದ ಅಂಟು ಸಿಡಿಯನ್ನು ಗೀಚಬಹುದು. ಸಿಡಿಯಲ್ಲಿ ಸಂಗೀತ ಇರುವುದು ಹೆಸರು ಅಚ್ಚಾದ ಮೇಲ್ಮೈಯ ಕೆಳಗೇ, ಆ ಕಡೆ ಗೀಚಿದರೆ ಸರಿಪಡಿಸಲು ಬರಲ್ಲ.

ಆದ್ದರಿಂದ ಬರುವಾಗ ಒಂದು ಸಿಡಿ ಮತ್ತು ತಿದ್ದಿ ಮುಗಿಸಿದ ಹಾಡಿನ ಪಟ್ಟಿ ತನ್ನಿ. ಫೋಟೋ ಆಮೇಲೆ ನೋಡೋಣ.