ಮಾಹಿಮಿನ ಬುಧವಾರಗಳು

ಬೆಳಿಗ್ಗೆ ಆರೂವರೆಗೆ ಕುಕ್ಕರ್ ಇಳಿಸಿ, ಕೈ ಒರೆಸಿಕೊಂಡು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಕುಳಿತು ನಾನು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸುತ್ತೇನೆ. ಬಿಳಿ ಮೂರು, ಕಪ್ಪು ಮೂರು, ಕಡುನೀಲಿ ಎರಡು. ಉಳಿದವು ಆ ದಿನ ಅಂಗಡಿಯಲ್ಲಿ ಬಾಕಿಯಿರುವ ಬಟ್ಟೆಗಳ ಬಣ್ಣಕ್ಕೆ ತಕ್ಕಂತೆ. ದಾರವನ್ನು ಮೊಳಕ್ಕಿಂತ ತುಸು ಉದ್ದಕ್ಕೆ ಕತ್ತರಿಸಿ, ತುದಿಗೆ ಗಂಟು ಹಾಕಿ, ಹಳೆಯ ಕೋಟಿನ ತುಂಡಿನಿಂದ ಹೊಲಿದ ಪುಟ್ಟ ಮೆತ್ತೆಗೆ ಒಂದೊಂದನ್ನೇ ಚುಚ್ಚುವಾಗ ಮಾತೆ ಮರಿಯಳಿಗೆ ಒಂದೊಂದು ನಮೋ ಮರಿಯಾ ಪ್ರಾರ್ಥನೆ ಹೇಳುತ್ತೇನೆ. ನಮ್ಮ ಮನೆಯವರು ಮುಂಬಯಿಯ ವಾಕೋಲಾದಲ್ಲಿ ಮೂವತ್ತು ವರ್ಷಗಳಿಂದ ದರ್ಜಿ. ಗುಂಡಿ ಹಚ್ಚುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ಇವೆಲ್ಲ ಅವರ ಬೆರಳಿಗೆ ಇಂದಿಗೂ ಕಣ್ಣಿನ ಹಂಗಿಲ್ಲದೆ ಬರುವ ಕೆಲಸಗಳು. ಸೂಜಿಯ ಕಣ್ಣನ್ನು ಕಾಣುವುದು ಮಾತ್ರ ಅವರ ಕಣ್ಣಿಗೆ ಈಗ ಆಗುವುದಿಲ್ಲ.

ಕಳೆದ ವರ್ಷ ಕ್ರಿಸ್ತಜಯಂತಿಯ ಹೊಲಿಗೆಯ ಒತ್ತಡ ಮುಗಿದ ಮೇಲೆ, ಜನವರಿಯ ಒಂದು ಬೆಳಿಗ್ಗೆ, ಎಡಗಣ್ಣಿನ ಮುಂದೆ ಕಪ್ಪು ದಾರದ ಎಳೆಗಳು ತೇಲುತ್ತಿವೆ ಎಂದು ಅವರು ಹೇಳಿದರು. ದರ್ಜಿಯ ಮನೆಯಲ್ಲಿ ದಾರದ ಎಳೆ ಎಲ್ಲಿಲ್ಲ ಎಂದು ನಾನು ಅದನ್ನು ಹಗುರಾಗಿ ತೆಗೆದುಕೊಂಡೆ. ನಾಲ್ಕು ದಿನಗಳಲ್ಲಿ ಆ ಎಳೆಗಳು ಸೇರಿ ಪರದೆಯಾದವು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಸಣ್ಣ ರಕ್ತನಾಳಗಳು ಹಾಳಾಗಿ ಒಳಗೆ ರಕ್ತ ಸೋರಿದೆ ಎಂದು ವೈದ್ಯರು ವಿವರಿಸಿದರು. ಸಕ್ಕರೆ ಕಾಯಿಲೆ ಇದ್ದವರು ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆಯಾದರೂ ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕು ಎಂಬ ಮಾತು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಮೂರು ವರ್ಷ ಹೋಗಿರಲಿಲ್ಲ. ಒಂದು ಬಾರಿ ಮಗಳ ಫೀಸು, ಇನ್ನೊಂದು ಬಾರಿ ಅಂಗಡಿಯ ಬಾಡಿಗೆ. ಆ ಅಪರಾಧಭಾವವನ್ನು ಹೊತ್ತುಕೊಂಡೇ ನಾನು ಮಾಹಿಮಿನ ನಿತ್ಯ ಸಹಾಯ ಮಾತೆಗೆ ಒಂಬತ್ತು ಬುಧವಾರಗಳ ಹರಕೆ ಹೊತ್ತೆ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಆರೋಗ್ಯ ಮಾತೆಯ ಮಡಿಲಲ್ಲಿ. ತುಂಗಭದ್ರೆಯ ಆ ಊರಿನಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ ಮತಗಳ ಎಣಿಕೆಯಿಲ್ಲದೆ ಸೇರುವ ಜನರನ್ನು ನೋಡಿ ಬೆಳೆದವಳಿಗೆ ಹರಕೆ ಎಂಬುದು ಹೊಸದಲ್ಲ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನನ್ನ ಆರೋಗ್ಯ ಮಾತೆಯ ಜಾಗವನ್ನು ತುಂಬಿದ್ದು ಮಾಹಿಮಿನ ಸಂತ ಮಿಕೇಲರ ದೇವಾಲಯ. ಪೋರ್ಚುಗೀಸ್ ಫ್ರಾನ್ಸಿಸ್ಕನ್ನರು 1534ರಲ್ಲಿ ಸ್ಥಾಪಿಸಿದ ಈ ದೇವಾಲಯ ಈ ನಗರದ ಅತಿ ಹಳೆಯ ಕಥೋಲಿಕ ದೇವಾಲಯಗಳಲ್ಲಿ ಒಂದು. ಈಗ ನಾವು ಕಾಣುವ ಕಟ್ಟಡ 1973ರದು. ಇಲ್ಲಿ ಬುಧವಾರದ ನೊವೆನಾ, ಅಂದರೆ ಒಂಬತ್ತು ವಾರ ಹಿಡಿದು ಮಾಡುವ ಪ್ರಾರ್ಥನೆ, ಆರಂಭವಾದದ್ದು 1948ರಲ್ಲಿ. ಅಂದಿನಿಂದ ಬುಧವಾರ ಬಂತೆಂದರೆ ಬೆಳಗಿನಿಂದ ರಾತ್ರಿಯವರೆಗೆ ಒಂದಾದ ಮೇಲೊಂದರಂತೆ, ಬೇರೆ ಬೇರೆ ಭಾಷೆಗಳಲ್ಲಿ ಪ್ರಾರ್ಥನೆ ನಡೆಯುತ್ತಲೇ ಇರುತ್ತದೆ. ಕುಂಕುಮವಿಟ್ಟವರು, ಬುರ್ಖಾ ತೊಟ್ಟವರು, ಕೆಲಸದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ನಿಂತವರು ಎಲ್ಲರೂ ಅಲ್ಲಿರುತ್ತಾರೆ. ಕನ್ನಡದಲ್ಲಿ ಕೇಳುವವರು ಯಾರೂ ಪಕ್ಕದಲ್ಲಿಲ್ಲದ ಆ ಗುಂಪಿನಲ್ಲಿ ನಾನು ಮನಸ್ಸಿನೊಳಗೆ ಕನ್ನಡದಲ್ಲೇ ಪ್ರಾರ್ಥಿಸುತ್ತೇನೆ. ಬೇಡಿಕೆ ಬೇರೆ ಭಾಷೆಯಲ್ಲಿ ಬರುವುದೇ ಇಲ್ಲ.

ದೇವಾಲಯದ ಹೊರಗೆ ಮೇಣದ ರೂಪಗಳನ್ನು ಮಾರುವವರು ಸಾಲಾಗಿ ಕುಳಿತಿರುತ್ತಾರೆ. ಮೇಣದ ಕೈ, ಮೇಣದ ಕಾಲು, ಮೇಣದ ಮಗು, ಮೇಣದ ಮನೆ. ಮೊದಲ ಬುಧವಾರ ನಾನು ಕೊಂಡದ್ದು ಒಂದು ಜೊತೆ ಕಣ್ಣು. ಅಂಗೈಯಗಲದ ಮೇಣದ ಹಲಗೆಯ ಮೇಲೆ ಉಬ್ಬಿ ನಿಂತ ಎರಡು ಕಣ್ಣುಗಳು, ರೆಪ್ಪೆಗಳಿದ್ದವು, ಪಾಪೆಯಿರಲಿಲ್ಲ. ಕೈಯ ಬಿಸಿಗೆ ಅದರ ಅಂಚು ಮೆತ್ತಗಾಗುತ್ತಿತ್ತು. ಎಡಗಣ್ಣು ಯಾವುದು, ಬಲಗಣ್ಣು ಯಾವುದು ಎಂದು ನಾನು ಸರದಿಯಲ್ಲಿ ನಿಂತಷ್ಟು ಹೊತ್ತೂ ಅದನ್ನು ತಿರುಗಿಸಿ ನೋಡುತ್ತಿದ್ದೆ, ಎಲ್ಲಿಯಾದರೂ ತಪ್ಪು ಕಣ್ಣನ್ನು ಒಪ್ಪಿಸಿಬಿಟ್ಟೇನೋ ಎಂಬಂತೆ. ಅಂದಿನ ನನ್ನ ಪ್ರಾರ್ಥನೆಯೂ ಅಷ್ಟೇ ಲೆಕ್ಕಾಚಾರದ್ದಾಗಿತ್ತು. ಒಂಬತ್ತು ಬುಧವಾರ ನನ್ನದು, ಎರಡು ಕಣ್ಣು ನಿನ್ನದು ಎಂದು ನಾನು ತಾಯಿಗೆ ಹೇಳಿದೆ.

ಆ ಬುಧವಾರಗಳಲ್ಲಿ ನಾನು ಹೆಚ್ಚಾಗಿ ನೋಡುತ್ತಾ ನಿಂತದ್ದು ಮಾತೆಯ ಚಿತ್ರಪಟವನ್ನು. ಅದರ ಮೂಲಚಿತ್ರ ರೋಮಿನಲ್ಲಿದೆ. ಕ್ರೀಟ್ ದ್ವೀಪದಿಂದ ಬಂದಿತೆಂದು ಪರಂಪರೆ ಹೇಳುವ ಆ ಚಿತ್ರವನ್ನು 1499ರಲ್ಲಿ ರೋಮಿನ ಸಂತ ಮತ್ತಾಯರ ದೇವಾಲಯದಲ್ಲಿ ಪ್ರತಿಷ್ಠಾಪಿಸಿದರು. 1798ರಲ್ಲಿ ಫ್ರೆಂಚ್ ಸೈನ್ಯದ ಕಾಲದಲ್ಲಿ ಆ ದೇವಾಲಯ ನಾಶವಾದಾಗ ಚಿತ್ರ ಜನರ ಕಣ್ಣಿಂದ ಮರೆಯಾಯಿತು. 1866ರಲ್ಲಿ ರಿಡೆಂಪ್ಟರಿಸ್ಟ್ ಎಂಬ ಸಂನ್ಯಾಸಿ ಸಭೆಯ ಗುರುಗಳ ಕೈಸೇರಿ, ಸಂತ ಅಲ್ಫೋನ್ಸರ ದೇವಾಲಯದಲ್ಲಿ ಮತ್ತೆ ಜನರ ಮುಂದೆ ಬಂತು. ಚಿನ್ನದ ಹಿನ್ನೆಲೆ, ಕಡುನೀಲಿ ಮೇಲುಹೊದಿಕೆಯ ತಾಯಿ, ಅವಳ ತೋಳಿನಲ್ಲಿ ಬಾಲಯೇಸು. ಮೇಲೆ ಒಂದು ಬದಿಗೆ ಪ್ರಧಾನ ದೇವದೂತ ಮಿಕೇಲ, ಅವನ ಕೈಯಲ್ಲಿ ಈಟಿಯೂ ಸ್ಪಂಜು ಕಟ್ಟಿದ ಕೋಲೂ ಇವೆ. ಇನ್ನೊಂದು ಬದಿಗೆ ಗಬ್ರಿಯೇಲ, ಅವನ ಕೈಯಲ್ಲಿ ಶಿಲುಬೆ ಮತ್ತು ಮೊಳೆಗಳು. ಮಗು ತನಗೆ ಮುಂದೆ ಬರಲಿರುವುದನ್ನು ಕಂಡು ಬೆದರಿ ತಾಯಿಯ ಬಳಿಗೆ ಓಡಿಬಂದಿದೆ ಎಂದು ಈ ಚಿತ್ರವನ್ನು ಓದುವವರು ಹೇಳುತ್ತಾರೆ. ಓಡಿದ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಕಳಚಿ, ಬರಿಯ ಪಟ್ಟಿಯಲ್ಲಿ ಜೋತಾಡುತ್ತಿದೆ.

ಇಪ್ಪತ್ತು ವರ್ಷಗಳಿಂದ ಆ ಚಿತ್ರಕ್ಕೆ ಕೈಮುಗಿದ ನಾನು ಆ ಚಪ್ಪಲಿಯನ್ನು ಗಮನವಿಟ್ಟು ನೋಡಿದ್ದು ಹರಕೆಯ ಮೂರನೆಯ ಬುಧವಾರ. ದೇವಪುತ್ರನಿಗೂ ಹೆದರಿಕೆಯಾಗಿತ್ತು ಎಂಬ ವಿಷಯ ನನ್ನೊಳಗೆ ಇಳಿದದ್ದೂ ಅಂದೇ. ಹೆದರುವವರಿಗೆ ನಂಬಿಕೆಯಿಲ್ಲ, ನಂಬಿದವರು ನಡುಗುವುದಿಲ್ಲ ಎಂದು ನಾನು ಎಲ್ಲಿಂದಲೋ ಕಲಿತಿದ್ದೆ. ಆದ್ದರಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಮುಂದಿನ ತಿಂಗಳ ಬಾಡಿಗೆಯನ್ನೂ ಕತ್ತಲಾಗುತ್ತಿರುವ ಅವರ ಕಣ್ಣನ್ನೂ ನೆನೆದು ಎದೆ ಹೊಡೆದುಕೊಳ್ಳುವಾಗ, ನನ್ನ ವಿಶ್ವಾಸವೇ ಸುಳ್ಳೇನೋ ಎಂದು ಇನ್ನಷ್ಟು ಹೆದರುತ್ತಿದ್ದೆ. ಈ ಮಗು ಹೆದರಿದೆ, ಚಪ್ಪಲಿ ಕಳಚುವಷ್ಟು ಹೆದರಿದೆ. ಆದರೆ ಯಾರ ಕಡೆಗೆ ಓಡಬೇಕೆಂದು ಅದಕ್ಕೆ ಗೊತ್ತಿದೆ. ತಾಯಿ ದೇವದೂತರ ಕೈಯಿಂದ ಶಿಲುಬೆಯನ್ನು ಕಿತ್ತುಕೊಂಡಿಲ್ಲ. ಅದು ಅಲ್ಲೇ ಇದೆ, ಮಗುವಿನ ಕಣ್ಣೆದುರಿಗೇ ಇದೆ. ಮಗುವಿನ ಎರಡೂ ಪುಟ್ಟ ಕೈಗಳನ್ನು ಅವಳು ತನ್ನ ಒಂದು ಅಂಗೈಯಲ್ಲಿ ಇಟ್ಟುಕೊಂಡಿದ್ದಾಳೆ, ಅಷ್ಟೇ.

ಐದನೆಯ ಬುಧವಾರವೋ ಆರನೆಯದೋ, ಮನೆಗೆ ಬಂದು ರಾತ್ರಿ ಶುಭಸಂದೇಶವನ್ನು ತೆರೆದಾಗ, ಸಂತ ಮಾರ್ಕನ ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗ ಕಣ್ಣಿಗೆ ಬಿತ್ತು. ನಾಲ್ಕು ಶುಭಸಂದೇಶಗಳಲ್ಲಿ ಮಾರ್ಕನೊಬ್ಬನೇ ಇದನ್ನು ಬರೆದಿದ್ದಾನೆ. ಯೇಸುಸ್ವಾಮಿಯ ಅದ್ಭುತಗಳಲ್ಲಿ ಎರಡು ಹಂತಗಳಲ್ಲಿ ಗುಣವಾದದ್ದು ಇದೊಂದೇ. ಸ್ವಾಮಿ ಆ ಮನುಷ್ಯನ ಕಣ್ಣಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ಕೇಳುತ್ತಾರೆ. ಜನರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳಂತೆ ಕಾಣುತ್ತಾರೆ ಎಂದು ಅವನು ಇದ್ದುದನ್ನು ಇದ್ದಂತೆ ಹೇಳುತ್ತಾನೆ. ಗುಣಪಡಿಸಿದವರ ಎದುರಿಗೆ ನಿಂತು, ಇನ್ನೂ ಸರಿಯಾಗಿಲ್ಲ ಎಂದು ಹೇಳಲು ಅವನಿಗೆ ಸಂಕೋಚವಾಗಲಿಲ್ಲ. ಸ್ವಾಮಿಗೆ ಬೇಸರವೂ ಆಗಲಿಲ್ಲ. ಮತ್ತೊಮ್ಮೆ ಕೈಯಿಟ್ಟರು. ಇದಾದ ಕೂಡಲೇ ಅದೇ ಅಧ್ಯಾಯದಲ್ಲಿ ಪೇತ್ರನು ಯೇಸುವನ್ನು ಕ್ರಿಸ್ತನೆಂದು ಗುರುತಿಸುತ್ತಾನೆ. ಗುರುತಿಸಿದ ಬೆನ್ನಿಗೇ, ಸ್ವಾಮಿ ತಾವು ಯಾತನೆಪಡಬೇಕು ಎಂದಾಗ ಅದು ಕೂಡದೆಂದು ತಡೆದು ಗದರಿಸಿಕೊಳ್ಳುತ್ತಾನೆ. ಅವನಿಗೂ ಮೊದಲು ಕಂಡದ್ದು ನಡೆದಾಡುವ ಮರವೇ. ವಿಶ್ವಾಸ ಒಮ್ಮೆಲೇ ಪೂರ್ತಿಯಾಗಿ ಬರುವ ವಸ್ತುವೆಂದು ಎಣಿಸಿದ್ದ ನನಗೆ ಈ ಎರಡು ಪ್ರಸಂಗಗಳು ಅಕ್ಕಪಕ್ಕದಲ್ಲಿರುವುದು ದೊಡ್ಡ ಸಮಾಧಾನವನ್ನು ಕೊಟ್ಟಿತು.

ಆದರೆ ಆ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇನ್ನೂ ಮೊದಲಿನದು. ಸ್ವಾಮಿ ಅವನ ಕೈಹಿಡಿದು ಊರ ಹೊರಗೆ ಕರೆದುಕೊಂಡು ಹೋದರು ಎಂದು ಮಾರ್ಕನು ಬರೆಯುತ್ತಾನೆ. ಅಷ್ಟು ದೂರ ಆ ಮನುಷ್ಯ ಕುರುಡನಾಗಿಯೇ ನಡೆದ. ಎಲ್ಲಿಗೆ ಹೋಗುತ್ತಿದ್ದೇನೆ, ಏಕೆ ಇಲ್ಲೇ ಗುಣಪಡಿಸಬಾರದು, ಕಾಲ ಕೆಳಗಿರುವುದು ಕಲ್ಲೋ ತಗ್ಗೋ ಎಂಬುದೊಂದೂ ತಿಳಿಯದೆ, ಅಂಗೈಯಲ್ಲಿದ್ದ ಇನ್ನೊಂದು ಅಂಗೈಯ ಬಿಸಿಯನ್ನಷ್ಟೇ ನೆಚ್ಚಿ ನಡೆದ. ಆ ದಾರಿಯ ಬಗ್ಗೆ ಶುಭಸಂದೇಶದಲ್ಲಿ ಬೇರೆ ವಿವರವಿಲ್ಲ. ನಮ್ಮ ಬದುಕಿನ ಹೆಚ್ಚಿನ ಪಾಲು ಆ ದಾರಿಯಲ್ಲೇ ಕಳೆಯುತ್ತದೆ ಎಂದು ನನಗನ್ನಿಸುತ್ತದೆ.

ಒಂಬತ್ತನೆಯ ಬುಧವಾರ ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದ ಸಮೀಪಕ್ಕೆ ಬಂತು. ಅಷ್ಟರಲ್ಲಿ ತಿಂಗಳಿಗೊಂದರಂತೆ ಕಣ್ಣಿಗೇ ಕೊಡುವ ಚುಚ್ಚುಮದ್ದು ಮೂರು ಮುಗಿದಿದ್ದವು. ಬಲಗಣ್ಣನ್ನು ಉಳಿಸಿಕೊಳ್ಳಬಹುದು, ಎಡಗಣ್ಣಿನ ನಡುಭಾಗಕ್ಕೆ ಆದ ಹಾನಿ ಹಿಂದಿರುಗುವುದಿಲ್ಲ ಎಂದು ವೈದ್ಯರು ಮೃದುವಾಗಿಯೇ ಹೇಳಿದರು. ನಾನು ಒಪ್ಪಿಸಿದ್ದು ಎರಡು ಕಣ್ಣು. ಮುಂದಿನ ಮೂರು ಬುಧವಾರ ನಾನು ಮಾಹಿಮಿಗೆ ಹೋಗಲಿಲ್ಲ. ಭಾನುವಾರದ ಬಲಿಪೂಜೆಗೆ ಹೋದರೂ ತುಟಿ ಮಾತ್ರ ಅಲುಗಾಡುತ್ತಿತ್ತು. ಊರಿಂದ ಅವ್ವ ಫೋನಿನಲ್ಲಿ, "ಹರಕಿ ಮುಗೀತೇನವ್ವಾ?" ಎಂದು ಕೇಳಿದಾಗ ಮುಗಿಯಿತು ಎಂದಷ್ಟೇ ಹೇಳಿ ಮಾತು ಬದಲಿಸಿದೆ.

ಮೇ ತಿಂಗಳಲ್ಲಿ ಒಬ್ಬ ಬಾಲಕಿಯ ಪ್ರಥಮ ಪರಮಪ್ರಸಾದದ ಬಿಳಿಯ ಉಡುಪು ಅಂಗಡಿಗೆ ಬಂದಿತ್ತು. ಸಂಜೆ ಡಬ್ಬಿ ತರಲು ಹೋದಾಗ ಅವರು ಮಿಷನ್ನಿನ ಮುಂದೆ ಸುಮ್ಮನೆ ಕುಳಿತಿದ್ದರು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ದಾರ. ಎಡಗೈಯ ತೋರುಬೆರಳಿನಲ್ಲಿ ನಾಲ್ಕೈದು ಕಡೆ ಚುಚ್ಚಿದ ಗುರುತು, ಬಿಳಿಯ ಉಡುಪಿನ ಅಂಚಿನಲ್ಲಿ ಸಾಸಿವೆಯಷ್ಟು ರಕ್ತದ ಕಲೆ. ನನ್ನ ಕಣ್ಣಲ್ಲಿ ನೀರು ಬಂತು. ಅವರು ಮಾತ್ರ ಒಂದು ತುಂಡು ಬಿಳಿ ದಾರವನ್ನು ಬಾಯಲ್ಲಿ ಒದ್ದೆಮಾಡಿ ಆ ಕಲೆಯ ಮೇಲೆ ಮೆಲ್ಲಗೆ ಉಜ್ಜಿದರು. ತನ್ನ ರಕ್ತದ ಕಲೆ ತನ್ನ ಉಗುಳಿಗೆ ಬಿಡುತ್ತದೆ ಎಂಬುದು ಹಳೆಯ ದರ್ಜಿಗಳೆಲ್ಲ ಬಲ್ಲ ವಿದ್ಯೆ. ಕಲೆ ಬಿಟ್ಟಿತು. "ಎಷ್ಟು ಹೊತ್ತಿನಿಂದ ಹೀಗೆ ಕೂತಿದ್ದೀರಿ?" ಎಂದು ಕೇಳಿದೆ. "ಅರ್ಧ ಗಂಟೆ ಆಗಿರಬೇಕು. ನೀನು ಬರ್ತೀಯ ಅಂತ ಗೊತ್ತಿತ್ತಲ್ಲ," ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ, ನನ್ನನ್ನು ಹೊಗಳುವ ಉದ್ದೇಶವೂ ಇರಲಿಲ್ಲ. ಸೂಜಿಯನ್ನು ನನ್ನ ಕಡೆಗೆ ಚಾಚಿದರು. ನಾನು ಪೋಣಿಸಿ ಕೊಟ್ಟೆ. ಒಂಬತ್ತು ಬುಧವಾರ ಸರದಿಯಲ್ಲಿ ನಿಂತ ನನಗೆ ಹೀಗೆ ಒಂದು ಸಲವೂ ದೇವರ ಮುಂದೆ ಕುಳಿತುಕೊಳ್ಳಲು ಬಂದಿರಲಿಲ್ಲ.

ಮರುದಿನದಿಂದ ಬೆಳಗಿನ ಹನ್ನೆರಡು ಸೂಜಿಗಳು ಶುರುವಾದವು. ಹನ್ನೆರಡು ಒಂದು ದಿನಕ್ಕೆ ಸಾಕು. ವಾರಕ್ಕೆ ಬೇಕಾದಷ್ಟನ್ನು ಒಮ್ಮೆಲೇ ಪೋಣಿಸಿಟ್ಟರೆ ದಾರಗಳು ಒಂದಕ್ಕೊಂದು ಸಿಕ್ಕಾಗುತ್ತವೆ. ಒಮ್ಮೆ ಮಾಡಿ ನೋಡಿದ್ದೇನೆ. ಪರಲೋಕ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಇಂದು ಕೊಡಿ ಎಂದು ಕೇಳುವಾಗ ಆ 'ಇಂದು' ಎಂಬಲ್ಲಿ ನಾನು ಈಗ ತುಸು ನಿಲ್ಲುತ್ತೇನೆ. ಸಕ್ಕರೆ ಕಾಯಿಲೆಯ ಮಾತ್ರೆ, ಗೋಧಿಯ ಎರಡು ಚಪಾತಿ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ತಪ್ಪದೆ ಕಣ್ಣಿನ ತಪಾಸಣೆ, ಇವೂ ನನಗೆ ಪ್ರಾರ್ಥನೆಯ ಭಾಗವೇ ಆಗಿವೆ. ರಾತ್ರಿ ಎರಡು ಗಂಟೆಯ ಹೆದರಿಕೆ ಪೂರ್ತಿ ಹೋಗಿಲ್ಲ. ಬಂದಾಗ ಪಕ್ಕದಲ್ಲಿ ಮಲಗಿದವರ ಕೈಯನ್ನು ಹುಡುಕಿ ಹಿಡಿದುಕೊಂಡು ಒಂದು ನಮೋ ಮರಿಯಾ ಹೇಳುತ್ತೇನೆ. ಕೆಲವು ಸಲ ಮುಗಿಯುವ ಮೊದಲೇ ನಿದ್ದೆ ಬರುತ್ತದೆ.

ಬುಧವಾರಗಳೂ ಮತ್ತೆ ಶುರುವಾದವು, ಈ ಬಾರಿ ಎಣಿಕೆಯಿಲ್ಲದೆ. ನೊವೆನಾದಲ್ಲಿ ಭಕ್ತರ ಕೃತಜ್ಞತೆಯ ಪತ್ರಗಳನ್ನು ಓದುವ ಪದ್ಧತಿಯಿದೆ. ಕೆಲಸ ಸಿಕ್ಕಿತು, ಮಗು ಹುಟ್ಟಿತು, ಕಾಯಿಲೆ ವಾಸಿಯಾಯಿತು ಎಂದು ಬರೆದವರ ಸಂತೋಷಕ್ಕೆ ನನ್ನ ಮನಸ್ಸೂ ಜೊತೆಯಾಗುತ್ತದೆ. ಬಹಳ ದಿನ ಯೋಚಿಸಿ ನಾನೂ ಒಂದು ಬರೆದೆ, ಕನ್ನಡದಲ್ಲೇ ಬರೆದೆ: ತಾಯೇ, ಒಂದು ಕಣ್ಣು ಉಳಿದಿದೆ, ಕೆಲಸ ನಡೆಯುತ್ತಿದೆ, ಅವರಿಗೆ ಕೋಪ ಬಂದಿಲ್ಲ, ನನ್ನ ಕೋಪ ಇಳಿದಿದೆ, ಇದಕ್ಕಾಗಿ ವಂದನೆ. ಅದನ್ನು ಅಲ್ಲಿ ಓದಬಲ್ಲವರು ಯಾರಿದ್ದಾರೋ; ಯಾರಿಗೆ ಬರೆದೆನೋ ಅವರಿಗೆ ಓದಲು ಬರುತ್ತದೆಂಬ ಭರವಸೆಯಿಂದಲೇ ಹಾಕಿ ಬಂದೆ.

ಕಳೆದ ಬುಧವಾರ ಅವರೂ ಬಂದಿದ್ದರು. ಸಾಂತಾಕ್ರೂಜಿನಲ್ಲಿ ಸ್ಲೋ ಲೋಕಲ್ ಹಿಡಿದು, ಖಾರ್ ದಾಟಿ, ಬಾಂದ್ರಾ ದಾಟಿ, ಮಾಹಿಮಿನಲ್ಲಿ ಇಳಿದು, ಎಡಬದಿಯಿಂದ ಬರುವ ವಾಹನಗಳು ಅವರಿಗೆ ಕಾಣದ ಕಾರಣ ಅವರ ಕೈಹಿಡಿದು ರಸ್ತೆ ದಾಟಿಸಿದೆ. ಒಳಗೆ ಸರದಿ ಉದ್ದವಿತ್ತು. ಅಷ್ಟು ದೂರದಿಂದ ಚಿತ್ರ ಅವರಿಗೆ ಬರಿಯ ಹೊಳಪಾಗಿ ಕಾಣುತ್ತಿತ್ತೇನೋ, ಏನೇನಿದೆ ಹೇಳು ಎಂದರು. ಚಿನ್ನದ ಹಿನ್ನೆಲೆ, ತಾಯಿಯ ಹಣೆಯ ಮೇಲಿನ ನಕ್ಷತ್ರ, ಈಟಿ, ಶಿಲುಬೆ, ಹಿಡಿದ ಕೈಗಳು, ಒಂದೊಂದನ್ನೇ ಅವರ ಕಿವಿಯ ಬಳಿ ಹೇಳುತ್ತಾ ಹೋದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು.

"ಚಪ್ಪಲಿ ಬಿದ್ದುಹೋಯ್ತಾ?"

"ಇಲ್ಲ ರೀ," ಎಂದೆ. "ಇನ್ನೂ ಜೋತಾಡ್ತಾ ಇದೆ."

ಹಿಂದಿದ್ದವರು ಮುಂದೆ ಸರಿಯಿರಿ ಎಂದರು. ನಾವು ಒಂದು ಹೆಜ್ಜೆ ಮುಂದೆ ಸರಿದೆವು.